ಸಂಬಳ ವಿಶ್ವವಿದ್ಯಾಲಯದ್ದು, ಕೆಲಸ ಗೋದಾಮಿನಲ್ಲಿ

ಬ್ರಿಟನ್ನಿನಲ್ಲಿ ದತ್ತಾಂಶ ವಿಜ್ಞಾನದ (ಡೇಟಾ ಸೈನ್ಸ್) ಸ್ನಾತಕೋತ್ತರ ಪದವಿ ಮುಗಿಸಿ ಕೆಲಸ ಹುಡುಕುತ್ತಿರುವ ಕನ್ನಡದ ಹುಡುಗ ಹುಡುಗಿಯರು ಆಗಾಗ ನನಗೆ ಕರೆ ಮಾಡುತ್ತಾರೆ. ಅವರಲ್ಲಿ ಅನೇಕರು ‘ಕೆಟಿಪಿ ಅಸೋಸಿಯೇಟ್’ ಎಂಬ ಹುದ್ದೆಯ ಜಾಹೀರಾತನ್ನು ಕಂಡಿರುತ್ತಾರೆ, ಆದರೆ ಅದರ ಸ್ವರೂಪ ಅರ್ಥವಾಗದೆ ಅರ್ಜಿ ಹಾಕದೆಯೇ ಬಿಟ್ಟಿರುತ್ತಾರೆ. ಜಾಹೀರಾತು ವಿಶ್ವವಿದ್ಯಾಲಯದ ಹೆಸರಿನಲ್ಲಿ ಇರುವುದರಿಂದ ಅದು ಸಂಶೋಧಕರ ಹುದ್ದೆ, ಪಿಎಚ್.ಡಿ. ಇಲ್ಲದವರಿಗೆ ಸಿಗುವುದಿಲ್ಲ ಎಂದು ಕೆಲವರು ತಿಳಿಯುತ್ತಾರೆ. ಕೆಲಸದ ಸ್ಥಳ ಎಲ್ಲೋ ಒಂದು ಸಣ್ಣ ಊರಿನ ಕಾರ್ಖಾನೆ ಎಂದು ಬರೆದಿರುವುದರಿಂದ ಇದು ಇಂಟರ್ನ್‌ಶಿಪ್ಪಿನ ಇನ್ನೊಂದು ಹೆಸರಿರಬೇಕು ಎಂದು ಇನ್ನು ಕೆಲವರು ತಿಳಿಯುತ್ತಾರೆ. ದಾವಣಗೆರೆ ಕಡೆಯ ಹುಡುಗನೊಬ್ಬ ಈಚೆಗೆ, “ಅಕ್ಕಾ, ಇದು ಓದೋದಾ, ಕೆಲಸಾನಾ, ಒಂದೂ ಗೊತ್ತಾಗ್ತಿಲ್ಲ” ಎಂದ. ಅಂಥ ಒಂದು ಹುದ್ದೆಯಲ್ಲಿ ಪೂರ್ತಿ ಅವಧಿ ಕೆಲಸ ಮಾಡಿದವಳಾಗಿ ಅವನಿಗೆ ಫೋನಿನಲ್ಲಿ ಹೇಳಿದ್ದು ಅರೆಬರೆಯಾಯಿತು ಎನ್ನಿಸಿದ್ದರಿಂದ, ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಇದು ಕೆಲಸವೇ. ನಾಲೆಡ್ಜ್ ಟ್ರಾನ್ಸ್‌ಫರ್ ಪಾರ್ಟ್‌ನರ್‌ಶಿಪ್ (ಕೆಟಿಪಿ) ಎಂಬುದು ಬ್ರಿಟಿಷ್ ಸರ್ಕಾರದ ಒಂದು ಹಳೆಯ ಯೋಜನೆ. 1975ರಲ್ಲಿ ಇದು ಟೀಚಿಂಗ್ ಕಂಪನಿ ಸ್ಕೀಮ್ ಎಂಬ ಹೆಸರಿನಲ್ಲಿ ಆರಂಭವಾಯಿತು. ವೈದ್ಯಕೀಯ ಪದವೀಧರರು ಬೋಧನಾ ಆಸ್ಪತ್ರೆಯಲ್ಲಿ ರೋಗಿಗಳ ನಡುವೆಯೇ ಪಳಗುವಂತೆ ಎಂಜಿನಿಯರಿಂಗ್ ಪದವೀಧರರು ಕಾರ್ಖಾನೆಯ ಒಳಗೇ ಪ್ರಾಧ್ಯಾಪಕರ ಕಣ್ಣೆದುರು ಪಳಗಬೇಕು ಎಂಬುದು ಅದರ ಮೂಲ ಕಲ್ಪನೆ. 2003ರಲ್ಲಿ ಅದರ ಜಾಗಕ್ಕೆ ಈಗಿನ ಕೆಟಿಪಿ ಬಂತು. ಇನ್ನೊವೇಟ್ ಯುಕೆ ಎಂಬ ಸರ್ಕಾರಿ ಸಂಸ್ಥೆ ಇದನ್ನು ನಡೆಸುತ್ತದೆ. ಇದರಡಿ ನಡೆಯುವ ಪ್ರತಿಯೊಂದು ಯೋಜನೆಯಲ್ಲೂ, ಅಂದರೆ ಪ್ರಾಜೆಕ್ಟಿನಲ್ಲೂ, ಮೂವರಿರುತ್ತಾರೆ: ತನಗೆ ಗೊತ್ತಿಲ್ಲದ ಒಂದು ವಿದ್ಯೆ ಬೇಕಾಗಿರುವ ಕಂಪನಿ, ಆ ವಿದ್ಯೆ ತಿಳಿದಿರುವ ವಿಶ್ವವಿದ್ಯಾಲಯ, ಮತ್ತು ಅದನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಒಯ್ಯುವ ಪದವೀಧರ. ಆ ಪದವೀಧರನೇ ಅಸೋಸಿಯೇಟ್. ಅವಧಿ ಕನಿಷ್ಠ 12 ತಿಂಗಳು, ಗರಿಷ್ಠ 36 ತಿಂಗಳು. ಖರ್ಚಿನಲ್ಲಿ ಸಣ್ಣ ಮತ್ತು ಮಧ್ಯಮ ಗಾತ್ರದ ಕಂಪನಿ ಸುಮಾರು ಮೂರನೇ ಒಂದು ಭಾಗವನ್ನೂ ದೊಡ್ಡ ಕಂಪನಿ ಸುಮಾರು ಅರ್ಧವನ್ನೂ ಭರಿಸುತ್ತದೆ. ಉಳಿದದ್ದು ಸರ್ಕಾರದ ಅನುದಾನ. ಅಸೋಸಿಯೇಟ್ ಕಾಗದದ ಮೇಲೆ ವಿಶ್ವವಿದ್ಯಾಲಯದ ನೌಕರ, ನೇಮಕಾತಿ ಪತ್ರ, ಸಂಬಳ, ಪಿಂಚಣಿ, ಗ್ರಂಥಾಲಯದ ಕಾರ್ಡ್ ಎಲ್ಲವೂ ಅಲ್ಲಿಯವು. ಆದರೆ ಅವನು ದಿನವೂ ಹೋಗಿ ಕೂರುವುದು ಕಂಪನಿಯಲ್ಲಿ. “ಹಾಗಾದ್ರೆ ನಿನ್ನ ಸಾಹೇಬ್ರು ಯಾರು?” ಎಂದು ಊರಿನಿಂದ ಅಪ್ಪ ಕೇಳಿದ್ದರು. ಇಬ್ಬರು ಎಂಬುದೇ ಅದಕ್ಕೆ ಸರಿಯಾದ ಉತ್ತರ: ಕಂಪನಿಯಲ್ಲಿ ಒಬ್ಬ ಮೇಲ್ವಿಚಾರಕರು, ವಿಶ್ವವಿದ್ಯಾಲಯದಲ್ಲಿ ವಾರಕ್ಕೆ ಸುಮಾರು ಅರ್ಧ ದಿನವನ್ನು ಈ ಯೋಜನೆಗೆ ಕೊಡಬೇಕಾದ ಒಬ್ಬ ಪ್ರಾಧ್ಯಾಪಕರು.

ನಾನು ಸೇರಿದ ಕಂಪನಿ ವೆಸ್ಟ್ ಯಾರ್ಕ್‌ಷೈರಿನದು. ಕ್ರೀಮು, ಚೀಸು, ಬೆಣ್ಣೆ, ಮೊಸರು, ಬೇಯಿಸಿದ ಮಾಂಸದಂಥ ತಂಪಿನಲ್ಲಿಯೇ ಇಡಬೇಕಾದ ಪದಾರ್ಥಗಳನ್ನು ತಯಾರಕರಿಂದ ಕೊಂಡು, ಕೆಫೆಗಳಿಗೆ, ಶಾಲೆಯ ಅಡುಗೆಮನೆಗಳಿಗೆ, ವೃದ್ಧರ ಆರೈಕೆ ಕೇಂದ್ರಗಳಿಗೆ ಮುಂಜಾನೆ ಲಾರಿಯಲ್ಲಿ ತಲುಪಿಸುವುದು ಅದರ ವ್ಯವಹಾರ. ಇಂಥ ವ್ಯಾಪಾರದಲ್ಲಿ ಲಾಭದ ಅಂಚು ಬಹಳ ತೆಳುವಾಗಿರುತ್ತದೆ. ಹೆಚ್ಚು ತರಿಸಿದರೆ ಅವಧಿ ಮುಗಿದು ಎಸೆಯಬೇಕು, ಕಡಿಮೆ ತರಿಸಿದರೆ ಗಿರಾಕಿ ಬೇರೆಯವರ ಬಳಿ ಹೋಗುತ್ತಾನೆ. ಮುಂದಿನ ವಾರ ಯಾವ ಪದಾರ್ಥ ಎಷ್ಟು ಬೇಕಾಗುತ್ತದೆ ಎಂಬುದನ್ನು ಅಲ್ಲಿಯವರೆಗೆ ಇಬ್ಬರು ಮೂವರು ಅನುಭವಿಗಳು ಎಕ್ಸೆಲ್ ಹಾಳೆಯ ನೆರವಿನಿಂದ ಅಂದಾಜು ಮಾಡುತ್ತಿದ್ದರು. ಅವರು ನಿವೃತ್ತಿಯ ಹತ್ತಿರ ಬಂದಿದ್ದರು. ಕಂಪನಿಗೆ ಬೇಕಾಗಿದ್ದದ್ದು ಬೇಡಿಕೆಯನ್ನು ಮುಂಗಾಣುವ ಒಂದು ವ್ಯವಸ್ಥೆ, ಅದಕ್ಕಿಂತ ಮುಖ್ಯವಾಗಿ, ಆ ವ್ಯವಸ್ಥೆಯನ್ನು ನಾನು ಹೊರಟುಹೋದ ಮೇಲೂ ನಡೆಸಿಕೊಂಡು ಹೋಗುವ ಸಾಮರ್ಥ್ಯ.

ವಿಶ್ವವಿದ್ಯಾಲಯದಲ್ಲಿ ನಮಗೆ ಕೊಡುವ ದತ್ತಾಂಶ ಸಾಮಾನ್ಯವಾಗಿ ಯಾರೋ ಮೊದಲೇ ತೊಳೆದು ಒರೆಸಿ ಇಟ್ಟದ್ದು. ಕಂಪನಿಯ ದತ್ತಾಂಶ ಹಾಗಲ್ಲ, ಅದರಲ್ಲಿ ಆ ಕಂಪನಿಯ ಇಡೀ ಇತಿಹಾಸದ ಗೀಚುಗಳಿರುತ್ತವೆ. ಒಂದು ಚೀಸಿನ ಮಾರಾಟ ಇದ್ದಕ್ಕಿದ್ದಂತೆ ಹನ್ನೆರಡು ಪಟ್ಟು ಏರಿದಂತೆ ಕಂಡರೆ, ಅಂದಿನಿಂದ ಅದನ್ನು ಪೆಟ್ಟಿಗೆಯ ಲೆಕ್ಕದ ಬದಲು ಬಿಡಿ ಲೆಕ್ಕದಲ್ಲಿ ಬಿಲ್ ಮಾಡತೊಡಗಿದ್ದರು ಎಂದರ್ಥ. ಮಾರಾಟ ನಿಂತ ಒಂದು ಸರಕಿನ ಸಂಖ್ಯೆಯನ್ನು ಕೆಲವು ವರ್ಷಗಳ ಬಳಿಕ ಬೇರೆಯೇ ಸರಕಿಗೆ ಕೊಟ್ಟಿದ್ದರೆ, ಯಂತ್ರದ ಕಣ್ಣಿಗೆ ಮಾಂಸದ ಹೋಳು ಒಂದು ದಿನ ಬೆಣ್ಣೆಯಾಗಿಬಿಡುತ್ತದೆ. ಇವನ್ನೆಲ್ಲ ಪತ್ತೆ ಹಚ್ಚಲು ದತ್ತಾಂಶ ಹುಡುಕಿ ತೆಗೆಯುವ ಎಸ್‌ಕ್ಯೂಎಲ್ ಭಾಷೆ ಬಂದರೆ ಸಾಲದು. ಎದ್ದು ಹೋಗಿ, ಬಿಲ್ಲಿಂಗ್ ವಿಭಾಗದಲ್ಲಿ ಹಳಬರು ಯಾರಿದ್ದಾರೋ ಅವರ ಪಕ್ಕದಲ್ಲಿ ಕುಳಿತು ಕೇಳಬೇಕು.

ಇವುಗಳಲ್ಲಿ ಅತ್ಯಂತ ಸೂಕ್ಷ್ಮವಾದದ್ದು ಸೊನ್ನೆಯ ಪ್ರಶ್ನೆ. ಒಂದು ಮಂಗಳವಾರ ಎರಡು ಲೀಟರಿನ ಕ್ರೀಮ್ ಡಬ್ಬಿಯ ಮಾರಾಟ ಸೊನ್ನೆ ಎಂದು ಕೋಷ್ಟಕದಲ್ಲಿ ಇದೆ ಎಂದುಕೊಳ್ಳಿ. ಅಂದು ಯಾರಿಗೂ ಕ್ರೀಮ್ ಬೇಡವಾಗಿತ್ತೋ, ಅಥವಾ ಬೇಕೆಂದು ಕೇಳಿದವರಿಗೆ ಕೊಡಲು ಗೋದಾಮಿನಲ್ಲಿ ಇರಲಿಲ್ಲವೋ? ಬಿಲ್ಲಿನ ದತ್ತಾಂಶ ಇದನ್ನು ಹೇಳುವುದಿಲ್ಲ. ಎರಡನೆಯ ಬಗೆಯ ಸೊನ್ನೆಗಳನ್ನು ನಿಜವಾದ ಸೊನ್ನೆಗಳೆಂದು ಮಾದರಿಗೆ, ಅಂದರೆ ಬೇಡಿಕೆಯನ್ನು ಮುಂಗಾಣುವ ಕಂಪ್ಯೂಟರ್ ಮಾಡೆಲ್ಲಿಗೆ, ಕಲಿಸಿದರೆ, ಅದು ಬೇಡಿಕೆ ಕಡಿಮೆ ಎಂದು ಲೆಕ್ಕ ಹಾಕುತ್ತದೆ; ಅದರ ಮಾತು ಕೇಳಿ ಕಡಿಮೆ ತರಿಸಿದರೆ ಸರಕು ಇನ್ನೂ ಬೇಗ ಖಾಲಿಯಾಗುತ್ತದೆ; ಆಗ ಇನ್ನಷ್ಟು ಸೊನ್ನೆಗಳು ಹುಟ್ಟುತ್ತವೆ. ಹೀಗೆ ಮಾದರಿ ತಾನೇ ಉಂಟುಮಾಡಿದ ಕೊರತೆಯನ್ನು ಗಿರಾಕಿಯ ಅನಾಸಕ್ತಿ ಎಂದು ಓದುತ್ತ ಹೋಗುತ್ತದೆ. ಇದರಿಂದ ಪಾರಾಗಲು ನಾವು ಬಿಲ್ಲಾದದ್ದನ್ನು ಬಿಟ್ಟು ಗಿರಾಕಿ ಕೇಳಿದ್ದನ್ನು, ಅಂದರೆ ಆರ್ಡರಿನ ಮೊದಲ ದಾಖಲೆಯನ್ನು ಹಿಡಿದೆವು. ದಾಸ್ತಾನು ಮುಗಿದಿದ್ದ ದಿನಗಳನ್ನು ಗೋದಾಮಿನ ಲೆಕ್ಕದಿಂದ ಗುರುತಿಸಿ, ಆ ದಿನಗಳ ಬೇಡಿಕೆ ‘ಸೊನ್ನೆ’ ಅಲ್ಲ, ‘ತಿಳಿಯದು’ ಎಂದು ಬರೆದೆವು. ಇದಾದ ಮೇಲೂ ಒಂದು ಸಂದು ಉಳಿಯಿತು: ಎರಡು ಲೀಟರಿನದು ಇಲ್ಲವೆಂದು ಫೋನಿನಲ್ಲಿ ತಿಳಿದ ಗಿರಾಕಿ ಒಂದು ಲೀಟರಿನ ಎರಡು ಡಬ್ಬಿ ತೆಗೆದುಕೊಂಡರೆ, ಅದು ಒಂದು ಲೀಟರಿನ ಬೇಡಿಕೆಯಾಗಿ ದಾಖಲಾಗುತ್ತದೆ. ಅದಕ್ಕಾಗಿ ಫೋನ್ ತೆಗೆದುಕೊಳ್ಳುವವರ ಪರದೆಯ ಮೇಲೆ ‘ಬದಲಿ ಸರಕು’ ಎಂಬ ಒಂದು ಗುರುತನ್ನು ಸೇರಿಸಬೇಕಾಯಿತು. ಅದು ದತ್ತಾಂಶ ವಿಜ್ಞಾನದ ಯಾವ ಪಠ್ಯಕ್ರಮದಲ್ಲೂ ಬರುವ ಕೆಲಸವಲ್ಲ, ಆದರೆ ಮುಂದಿನ ಎಲ್ಲ ಲೆಕ್ಕವೂ ಅದರ ಮೇಲೆಯೇ ನಿಂತಿತು.

ಕ್ಯಾಲೆಂಡರಿನ ವಿಷಯವೂ ಅಷ್ಟೇ ಸ್ವಾರಸ್ಯದ್ದು. ಹಳೆಯ ಎಕ್ಸೆಲ್ ಹಾಳೆ ಹೋದ ವರ್ಷದ ಇದೇ ವಾರ ಎಷ್ಟು ಹೋಗಿತ್ತು ಎಂಬುದರಿಂದ ಲೆಕ್ಕ ಆರಂಭಿಸುತ್ತಿತ್ತು. ಇದು ಕೆಟ್ಟ ಕ್ರಮವೇನಲ್ಲ. ಎಷ್ಟೋ ಸರಕುಗಳಲ್ಲಿ ಇದನ್ನು ಸೋಲಿಸುವುದು ಕಷ್ಟ. ಆದರೆ ಈಸ್ಟರ್ ಮಾರ್ಚ್ 22ರಿಂದ ಏಪ್ರಿಲ್ 25ರ ನಡುವೆ ಎಲ್ಲಿ ಬೇಕಾದರೂ ಬರಬಹುದು. ರಂಜಾನ್ ಪ್ರತಿವರ್ಷ ಸುಮಾರು 11 ದಿನ ಹಿಂದಕ್ಕೆ ಸರಿಯುತ್ತದೆ, ಮತ್ತು ಮುಸ್ಲಿಮರು ದೊಡ್ಡ ಸಂಖ್ಯೆಯಲ್ಲಿರುವ ಬ್ರಾಡ್‌ಫರ್ಡಿನಂಥ ನಗರವಿರುವ ಪ್ರದೇಶದಲ್ಲಿ ಕೆಫೆಗಳ ಹಗಲಿನ ವ್ಯಾಪಾರದ ಮೇಲೂ ಸಂಜೆಯ ವ್ಯಾಪಾರದ ಮೇಲೂ ಅದರ ಪರಿಣಾಮ ದೊಡ್ಡದು. ಶಾಲೆಗಳ ಹಾಫ್ ಟರ್ಮ್ (ಅವಧಿಯ ನಡುವಿನ) ರಜೆ ಒಂದು ಕೌನ್ಸಿಲ್ಲಿನಲ್ಲಿ, ಅಂದರೆ ಸ್ಥಳೀಯ ಆಡಳಿತದ ವ್ಯಾಪ್ತಿಯಲ್ಲಿ, ಒಂದು ವಾರ ಇದ್ದರೆ ಪಕ್ಕದ ಕೌನ್ಸಿಲ್ಲಿನಲ್ಲಿ ಬೇರೆ ವಾರ ಇರಬಹುದು. ಶಾಲೆಯ ಅಡುಗೆಮನೆ ಮುಚ್ಚಿದರೆ ಅಲ್ಲಿಗೆ ಹೋಗುವ ಮೊಸರಿನ ಬಕೆಟ್ಟು ಪೂರ್ತಿ ನಿಲ್ಲುತ್ತದೆ. ಗಿರಾಕಿಯ ಅಂಚೆ ವಿಳಾಸದಿಂದ ಕೌನ್ಸಿಲ್ಲನ್ನು, ಕೌನ್ಸಿಲ್ಲಿನಿಂದ ಶಾಲಾ ರಜೆಯನ್ನು ಜೋಡಿಸಿದ್ದೇ ಶಾಲೆಗಳ ಮುನ್ನಂದಾಜು ಎದ್ದು ಕಾಣುವಷ್ಟು ಸುಧಾರಿಸಿತು. ದೊಡ್ಡ ಮಾದರಿಗಳಿಗಿಂತ ಇಂಥ ಸಣ್ಣ ತಿಳಿವಳಿಕೆಗಳೇ ಹೆಚ್ಚು ಫಲ ಕೊಡುತ್ತವೆ ಎಂಬುದನ್ನು ನಾನು ಗಟ್ಟಿಯಾಗಿ ನಂಬುತ್ತೇನೆ.

ಖರೀದಿಯ ಯೋಜನೆ ಮಾಡುತ್ತಿದ್ದ ಹಿರಿಯ ಮಹಿಳೆಯೊಬ್ಬರ ಬಗ್ಗೆ ಇಲ್ಲಿ ಹೇಳಲೇಬೇಕು. ಅವರು ಶಾಲೆ ಮುಗಿಸಿದ ವಯಸ್ಸಿನಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಸೇರಿ, ಇಡೀ ಬದುಕನ್ನು ಅಲ್ಲಿಯೇ ಕಳೆದವರು. ಕಂಪ್ಯೂಟರಿನ ಸಂಖ್ಯೆಯನ್ನು ನೋಡಿ, ಅದು ಏಕೆ ಸರಿಯಲ್ಲ ಎಂಬುದನ್ನು ಹೇಳುವ ಮೊದಲೇ ಅವರ ಬೆರಳು ಅದನ್ನು ತಿದ್ದಿಬಿಡುತ್ತಿತ್ತು. ಹವಾಮಾನ ಇಲಾಖೆ ಹಿಮದ ಮುನ್ಸೂಚನೆ ಕೊಟ್ಟ ಒಂದು ಗುರುವಾರ ಅವರು ಬೆಣ್ಣೆಯನ್ನೂ ಹಾಲನ್ನೂ ಹೆಚ್ಚಿಸಿ, ಸಣ್ಣ ಕೇಕಿನ ಕ್ರೀಮನ್ನು ಕಡಿತ ಮಾಡಿದರು. ಕಾರಣ ಕೇಳಿದೆ. “ಆರೈಕೆ ಕೇಂದ್ರದವರು ರಸ್ತೆ ಮುಚ್ಚುತ್ತದೆ ಎಂಬ ಭಯದಲ್ಲಿ ಎರಡು ದಿನದ್ದು ಇವತ್ತೇ ತರಿಸಿಕೊಳ್ಳುತ್ತಾರೆ. ಬೆಟ್ಟದ ಮೇಲಿನ ಕೆಫೆಗೆ ಯಾರು ಹೋಗುತ್ತಾರೆ ಹೇಳಿ?” ಎಂದರು. ಅವರ ಆ ಎರಡು ವಾಕ್ಯಗಳಲ್ಲಿ ಗಿರಾಕಿಗಳ ಎರಡು ವರ್ಗಗಳು, ಎರಡು ವಿರುದ್ಧ ಪರಿಣಾಮಗಳು, ಬೇಡಿಕೆ ಒಂದು ದಿನದಿಂದ ಇನ್ನೊಂದಕ್ಕೆ ಸರಿಯುವ ವಿಚಾರ, ಎಲ್ಲವೂ ಇದ್ದವು. ನಾನು ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದ ಮಾದರಿಗೆ ಇವುಗಳಲ್ಲಿ ಒಂದೂ ಗೊತ್ತಿರಲಿಲ್ಲ.

ಅಲ್ಲಿಂದ ಮುಂದೆ ನಮ್ಮ ಯೋಜನೆಯ ದಿಕ್ಕು ಬದಲಾಯಿತು. ಯೋಜಕರು ತಿದ್ದುವುದನ್ನು ತಡೆಯುವ ವ್ಯವಸ್ಥೆಯ ಬದಲು, ಅವರು ತಿದ್ದಿದ್ದನ್ನೆಲ್ಲ ದಾಖಲಿಸುವ ವ್ಯವಸ್ಥೆಯನ್ನು ಕಟ್ಟಿದೆವು. ಯಂತ್ರದ ಸಂಖ್ಯೆ, ಯೋಜಕರ ಸಂಖ್ಯೆ, ಕಾರಣ, ಕೊನೆಗೆ ನಿಜವಾಗಿ ಹೋದದ್ದು ಎಷ್ಟು, ಈ ನಾಲ್ಕನ್ನೂ ಒಂದೇ ಸಾಲಿನಲ್ಲಿ ಇಟ್ಟು ತಿಂಗಳಿಗೊಮ್ಮೆ ಎಲ್ಲರೂ ಕೂಡಿ ನೋಡುತ್ತಿದ್ದೆವು. ಹವಾಮಾನ, ಹೊಸ ಗಿರಾಕಿ, ಪ್ರದರ್ಶನ, ಪಂದ್ಯ ಮುಂತಾದ ಕಾರಣಗಳಿಂದ ಮಾಡಿದ ತಿದ್ದುಪಡಿಗಳು ಬಹುಮಟ್ಟಿಗೆ ಸರಿಯಾಗಿರುತ್ತಿದ್ದವು. “ಸ್ವಲ್ಪ ಕಡಿಮೆ ಅನ್ನಿಸಿತು” ಎಂದು ಮಾಡಿದ ಸಣ್ಣಪುಟ್ಟ ತಿದ್ದುಪಡಿಗಳಿಂದ ಅಷ್ಟು ಪ್ರಯೋಜನ ಆಗುತ್ತಿರಲಿಲ್ಲ. ಇದನ್ನು ನಾನು ಹೇಳಬೇಕಾಗಲೇ ಇಲ್ಲ, ಅವರೇ ತಮ್ಮ ಸಾಲುಗಳನ್ನು ಓದಿ ಕಂಡುಕೊಂಡರು. ಒಬ್ಬರ ಅನುಭವವನ್ನು ಅವರೆದುರೇ ಗೌರವದಿಂದ ಅಳೆಯುವುದು ಸಾಧ್ಯ ಎಂಬುದನ್ನು ನಾನು ಕಲಿತದ್ದು ಆ ಸಭೆಗಳಲ್ಲಿ.

ಪ್ರಾಧ್ಯಾಪಕರ ಪಾತ್ರ ಏನು ಎಂದು ಕೇಳುವವರಿದ್ದಾರೆ. ನನ್ನ ಮಟ್ಟಿಗೆ ಅವರ ದೊಡ್ಡ ಕೊಡುಗೆ ಒಂದು ಪ್ರಶ್ನೆಯ ರೂಪದಲ್ಲಿ ಬಂತು. “ಸರಾಸರಿ ಬೇಡಿಕೆಯನ್ನು ಯಾಕೆ ಹುಡುಕುತ್ತಿದ್ದೀರಿ? ಕಂಪನಿಗೆ ಸರಾಸರಿಯಿಂದ ಏನು ಪ್ರಯೋಜನ?” ಎಂದು ಅವರು ವಾರದ ಭೇಟಿಯೊಂದರಲ್ಲಿ ಕೇಳಿದರು. ಒಂದು ಡಬ್ಬಿ ಕ್ರೀಮ್ ಉಳಿದು ಹಾಳಾದರೆ ಒಂದು ಪೌಂಡ್ ನಷ್ಟ, ಒಂದು ಡಬ್ಬಿ ಕಡಿಮೆ ಬಿದ್ದರೆ ಮೂರು ಪೌಂಡಿನಷ್ಟು ನಷ್ಟ ಎಂದು ಇಟ್ಟುಕೊಳ್ಳಿ. ಆಗ ತರಿಸಬೇಕಾದದ್ದು ಸರಾಸರಿ ಬೇಡಿಕೆಯಷ್ಟನ್ನಲ್ಲ. ನೂರು ದಿನಗಳಲ್ಲಿ ಎಪ್ಪತ್ತೈದು ದಿನಗಳ ಬೇಡಿಕೆಯನ್ನು ಪೂರೈಸುವಷ್ಟನ್ನು. ಮೂರನ್ನು ಮೂರು ಮತ್ತು ಒಂದರ ಮೊತ್ತದಿಂದ ಭಾಗಿಸಿದರೆ ಬರುವ ಮುಕ್ಕಾಲು ಭಾಗ ಅದು. ಪತ್ರಿಕೆ ಮಾರುವವನು ಬೆಳಿಗ್ಗೆ ಎಷ್ಟು ಪ್ರತಿ ಕೊಳ್ಳಬೇಕು ಎಂಬ ಹಳೆಯ ಸಮಸ್ಯೆಯಾಗಿ ಕಾರ್ಯಾಚರಣ ಸಂಶೋಧನೆಯ (ಆಪರೇಷನ್ಸ್ ರಿಸರ್ಚ್) ವಿದ್ಯಾರ್ಥಿಗಳೆಲ್ಲ ಇದನ್ನು ಓದಿರುತ್ತಾರೆ. ಅವಧಿ ದೀರ್ಘವಾಗಿರುವ ಬೆಣ್ಣೆಗೆ ಒಂದು ಮಟ್ಟ, ನಾಲ್ಕೇ ದಿನ ಬಾಳುವ ಸರಕಿಗೆ ಇನ್ನೊಂದು ಮಟ್ಟ. ಇದನ್ನು ಖರೀದಿ ವಿಭಾಗದ ಮುಂದಿಟ್ಟಾಗ, ಕೊರತೆಯಿಂದ ಆಗುವ ನಷ್ಟ ಎಷ್ಟು ಎಂಬುದನ್ನು ಅಲ್ಲಿಯವರೆಗೆ ಯಾರೂ ಲೆಕ್ಕ ಹಾಕಿಯೇ ಇರಲಿಲ್ಲ ಎಂಬುದು ಹೊರಬಿತ್ತು. ಎಸೆದ ಸರಕು ಕಣ್ಣಿಗೆ ಕಾಣುತ್ತದೆ, ಬಾರದ ಗಿರಾಕಿ ಕಾಣುವುದಿಲ್ಲ. ಆ ಲೆಕ್ಕ ಹಾಕಲು ಮಾರಾಟ ವಿಭಾಗದವರೂ ಖರೀದಿಯವರೂ ಒಂದೇ ಮೇಜಿಗೆ ಬಂದರು. ವಿಶ್ವವಿದ್ಯಾಲಯದಿಂದ ಕಂಪನಿಗೆ ವಿದ್ಯೆ ಹರಿಯುವುದು ಎಂದರೆ ನನ್ನ ಅನುಭವದಲ್ಲಿ ಇದೇ.

ಈ ಬಗೆಯ ಕೆಲಸಕ್ಕೆ ಒಬ್ಬ ಪೂರ್ವಜರೂ ಇದ್ದಾರೆ ಎಂದು ನಾನು ತಿಳಿದಿದ್ದೇನೆ. ವಿಲಿಯಂ ಸೀಲಿ ಗಾಸೆಟ್ ಆಕ್ಸ್‌ಫರ್ಡಿನಲ್ಲಿ ರಸಾಯನಶಾಸ್ತ್ರ ಮತ್ತು ಗಣಿತ ಓದಿ 1899ರಲ್ಲಿ ಡಬ್ಲಿನ್ನಿನಲ್ಲಿ ಬಿಯರ್ ತಯಾರಿಸುವ ಗಿನ್ನೆಸ್ ಬ್ರೂವರಿಯನ್ನು ಸೇರಿದರು. ಬಾರ್ಲಿ, ಹಾಪ್ಸ್ ಮುಂತಾದವುಗಳ ಪ್ರಯೋಗದಲ್ಲಿ ಅವರ ಕೈಗೆ ಸಿಗುತ್ತಿದ್ದದ್ದು ಬೆರಳೆಣಿಕೆಯ ಸ್ಯಾಂಪಲ್ಲುಗಳು. ಆ ಕಾಲದ ಸಂಖ್ಯಾಶಾಸ್ತ್ರ ನೂರಾರು ಸ್ಯಾಂಪಲ್ಲುಗಳನ್ನು ಬೇಡುತ್ತಿತ್ತು. 1906–07ರಲ್ಲಿ ಕಂಪನಿಯೇ ಅವರನ್ನು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿಗೆ, ಕಾರ್ಲ್ ಪಿಯರ್ಸನ್ ಅವರ ಪ್ರಯೋಗಾಲಯಕ್ಕೆ ಕಳುಹಿಸಿತು. ಅದರ ಫಲವಾಗಿ 1908ರಲ್ಲಿ ಬಯೊಮೆಟ್ರಿಕಾ ಪತ್ರಿಕೆಯಲ್ಲಿ ‘ಸ್ಟೂಡೆಂಟ್’ ಎಂಬ ಗುಪ್ತನಾಮದಲ್ಲಿ ಪ್ರಕಟವಾದ ಲೇಖನದಿಂದಲೇ ಕೆಲವೇ ಸ್ಯಾಂಪಲ್ಲುಗಳಿಂದ ತೀರ್ಮಾನಕ್ಕೆ ಬರಲು ನಾವೆಲ್ಲ ಪದವಿ ತರಗತಿಯಲ್ಲಿ ಮಾಡುವ ಟಿ-ಪರೀಕ್ಷೆ ಹುಟ್ಟಿದ್ದು. ನೌಕರರು ತಮ್ಮ ಹೆಸರಿನಲ್ಲಿ ಪ್ರಕಟಿಸುವುದಕ್ಕೆ ಕಂಪನಿಯ ಒಪ್ಪಿಗೆ ಇರಲಿಲ್ಲವಾದ್ದರಿಂದ ಆ ಗುಪ್ತನಾಮ. ಕಂಪನಿಯ ಗುಟ್ಟು ಮತ್ತು ವಿದ್ವತ್ತಿನ ಪ್ರಕಟಣೆ, ಇವೆರಡರ ಎಳೆದಾಟ ಇಂದಿನ ಕೆಟಿಪಿಯಲ್ಲೂ ಇದೆ. ನಮ್ಮಲ್ಲಿ ಪ್ರಾಧ್ಯಾಪಕರಿಗೆ ಲೇಖನ ಬೇಕಾಗಿತ್ತು, ಮಾರಾಟದ ನಿರ್ದೇಶಕರಿಗೆ ಗಿರಾಕಿಗಳ ವಿವರ ಎಲ್ಲೂ ಹೊರಹೋಗಬಾರದಾಗಿತ್ತು. ಯೋಜನೆಯ ಆರಂಭದಲ್ಲಿಯೇ ಸಹಿಯಾದ ಒಪ್ಪಂದದಲ್ಲಿ ಯಾವುದು ಯಾರ ಸ್ವತ್ತು, ಪ್ರಕಟಣೆಗೆ ಮುನ್ನ ಯಾರು ಓದಿ ಒಪ್ಪಬೇಕು ಎಂದು ಬರೆದಿದ್ದರಿಂದ ಮಾತು ಜಗಳಕ್ಕೆ ತಿರುಗಲಿಲ್ಲ. ಸೊನ್ನೆಯ ಸಮಸ್ಯೆಯನ್ನು ಕಂಪನಿಯ ಗುರುತು ತಿಳಿಯದಂತೆ ಬರೆಯಲು ಒಪ್ಪಿಗೆ ಸಿಕ್ಕಿತು.

ಈ ಹುದ್ದೆಯಲ್ಲಿ ಅತಿ ಹೆಚ್ಚು ಯೋಚನೆ ಬೇಡುವ ಭಾಗ ಕೊನೆಯ ಭಾಗ. ಮಾಮೂಲಿ ಕೆಲಸದಲ್ಲಿ ಒಬ್ಬ ದತ್ತಾಂಶ ವಿಜ್ಞಾನಿ ತನ್ನ ಮಾದರಿಯ ಜೊತೆ ತಾನೂ ಉಳಿಯುತ್ತಾನೆ, ಅದು ಕೆಟ್ಟರೆ ರಿಪೇರಿ ಮಾಡುತ್ತಾನೆ. ಅಸೋಸಿಯೇಟ್ ಹೊರಡುವ ದಿನಾಂಕ ಮೊದಲ ದಿನವೇ ಗೊತ್ತಿರುತ್ತದೆ. ಹೊರಡುವ ಹೊತ್ತಿಗೆ ಆ ವಿದ್ಯೆ ಕಂಪನಿಯ ಕೈಯಲ್ಲಿ ಇರಬೇಕು, ಇಲ್ಲವಾದರೆ ಸರ್ಕಾರದ ಹಣ ಕೊಟ್ಟು ಒಬ್ಬ ಗುತ್ತಿಗೆ ನೌಕರನನ್ನು ಇಟ್ಟುಕೊಂಡಂತಾಯಿತು ಅಷ್ಟೆ. ಸುಮಾರು ನಾಲ್ಕು ತಿಂಗಳಿಗೊಮ್ಮೆ ಸೇರುವ ಸ್ಥಳೀಯ ನಿರ್ವಹಣಾ ಸಮಿತಿಯಲ್ಲಿ ಕಂಪನಿಯವರು, ವಿಶ್ವವಿದ್ಯಾಲಯದವರು ಮತ್ತು ಕೆಟಿಪಿಯ ಪರವಾಗಿ ಬರುವ ಸಲಹೆಗಾರರು ಕೂಡಿ ಕುಳಿತು ಪ್ರಗತಿ ನೋಡುತ್ತಾರೆ. ಆ ಸಭೆಗಳಲ್ಲಿ ನಮ್ಮ ಸಲಹೆಗಾರರು ಮಾದರಿಯ ನಿಖರತೆಯ ಬಗ್ಗೆ ಒಂದೆರಡು ಪ್ರಶ್ನೆ ಕೇಳಿ ಬಿಡುತ್ತಿದ್ದರು, ಆದರೆ “ಇದನ್ನು ಈಗ ಅವರನ್ನು ಬಿಟ್ಟು ಬೇರೆ ಯಾರು ನಡೆಸಬಲ್ಲರು?” ಎಂದು ಕಂಪನಿಯವರನ್ನು ಕೇಳುವುದನ್ನು ಒಮ್ಮೆಯೂ ಮರೆಯುತ್ತಿರಲಿಲ್ಲ.

ಆ ಪ್ರಶ್ನೆ ನಮ್ಮ ತಾಂತ್ರಿಕ ಆಯ್ಕೆಗಳನ್ನೇ ನಿರ್ಧರಿಸಿತು. 2020ರಲ್ಲಿ ವಾಲ್‌ಮಾರ್ಟಿನ ಮಾರಾಟದ ದತ್ತಾಂಶದ ಮೇಲೆ ನಡೆದ ಎಂ5 ಮುನ್ನಂದಾಜು ಸ್ಪರ್ಧೆಯಲ್ಲಿ ಮುಂಚೂಣಿಯಲ್ಲಿದ್ದವರಲ್ಲಿ ಹೆಚ್ಚಿನವರು ಅನೇಕ ಸಣ್ಣ ನಿರ್ಣಯ ವೃಕ್ಷಗಳನ್ನು ಕೂಡಿಸಿ ಲೆಕ್ಕ ಹಾಕುವ ಲೈಟ್‌ಜಿಬಿಎಂ ಎಂಬ ವಿಧಾನವನ್ನು ಬಳಸಿದ್ದರು. ನಾವೂ ಅದನ್ನೇ ಹಿಡಿದೆವು. ಅದಕ್ಕಿಂತ ಸಂಕೀರ್ಣವಾದ ನರಜಾಲದ (ನ್ಯೂರಲ್ ನೆಟ್‌ವರ್ಕ್) ಮಾದರಿಯೊಂದು ಕೆಲವು ಸರಕುಗಳಲ್ಲಿ ಒಂದಿಷ್ಟು ಮೇಲಾಗಿತ್ತು, ಆದರೆ ಕಂಪನಿಯ ಐಟಿ ವಿಭಾಗದಲ್ಲಿ ಇದ್ದ ಇಬ್ಬರಲ್ಲಿ ಯಾರೂ ಅದನ್ನು ರಾತ್ರಿ ಎರಡು ಗಂಟೆಗೆ ನಿಂತುಹೋದರೆ ಎಬ್ಬಿಸಲಾರರು ಎಂಬ ಕಾರಣಕ್ಕೆ ಕೈಬಿಟ್ಟೆವು. ಪ್ರಾಧ್ಯಾಪಕರು ಈ ನಿರ್ಧಾರವನ್ನು ಮನಸಾರೆ ಬೆಂಬಲಿಸಿದ್ದು ನನಗೆ ಇಂದಿಗೂ ಸಂತೋಷದ ಸಂಗತಿ. ಮಾದರಿ ಓಡದ ದಿನ ತಾನಾಗಿಯೇ ಹಳೆಯ ‘ಹೋದ ವರ್ಷದ ಇದೇ ವಾರ’ದ ಲೆಕ್ಕಕ್ಕೆ ಮರಳುವಂತೆ ಮಾಡಿದೆವು. ಕೊನೆಯ ಕೆಲವು ತಿಂಗಳು ನಾನು ಕೋಡ್ ಮುಟ್ಟಲಿಲ್ಲ. ಐಟಿಯ ಆ ಇಬ್ಬರೇ ಬದಲಾವಣೆ ಮಾಡಿದರು, ನಾನು ಪಕ್ಕದಲ್ಲಿ ಕುಳಿತೆ. ಅವರಲ್ಲಿ ಒಬ್ಬರು ಗೋದಾಮಿನ ಪಾಳಿಯಿಂದ ಕಂಪ್ಯೂಟರ್ ಕಡೆಗೆ ಬಂದವರು, ಪದವೀಧರರಲ್ಲ. ಈಗ ಆ ವ್ಯವಸ್ಥೆಯ ಜವಾಬ್ದಾರಿ ಅವರದು.

ಊರಿನ ಕಡೆ ನೋಡಿದಾಗ ಇಂಥದ್ದು ನಮ್ಮಲ್ಲಿ ಏಕಿಲ್ಲ ಎಂಬ ಪ್ರಶ್ನೆ ಏಳುವುದು ಸಹಜ. ಪೂರ್ತಿ ಇಲ್ಲ ಎನ್ನುವುದೂ ಸರಿಯಲ್ಲ. ಬ್ರಿಟನ್ನಿನಲ್ಲಿ ಟೀಚಿಂಗ್ ಕಂಪನಿ ಸ್ಕೀಮ್ ಆರಂಭವಾದ 1975ರಲ್ಲಿಯೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವೈಜ್ಞಾನಿಕ ಮತ್ತು ಔದ್ಯೋಗಿಕ ಸಲಹಾ ಕೇಂದ್ರ ಸ್ಥಾಪನೆಯಾಯಿತು. ಉದ್ಯೋಗದಲ್ಲಿ ಇದ್ದುಕೊಂಡೇ ಅಲ್ಲಿ ಪಿಎಚ್.ಡಿ. ಮಾಡುವ ಅವಕಾಶವೂ ಇದೆ. ಆದರೆ ಇವು ಪ್ರಾಧ್ಯಾಪಕರ ಸಲಹೆಯನ್ನು ಕೊಂಡುಕೊಳ್ಳಬಲ್ಲ, ಅಥವಾ ನೌಕರನನ್ನು ವರ್ಷಗಟ್ಟಲೆ ಓದಲು ಬಿಡಬಲ್ಲ ಸಂಸ್ಥೆಗಳಿಗೆ ಹೆಚ್ಚಾಗಿ ಒದಗುತ್ತವೆ. ಪೀಣ್ಯದ ಒಂದು ಸಣ್ಣ ಬಿಡಿಭಾಗಗಳ ಘಟಕಕ್ಕೆ ಬೇಕಾದದ್ದು ಇದಲ್ಲ. ಅಲ್ಲಿಗೆ ಬೇಕಾದದ್ದು ಎರಡು ವರ್ಷ ದಿನವೂ ಬಂದು, ಯಂತ್ರದ ಎಣ್ಣೆಯ ವಾಸನೆಯ ನಡುವೆ ಕುಳಿತು, ಯಾವ ಡೈ (ಅಚ್ಚು) ಯಾವಾಗ ಸವೆಯುತ್ತದೆ ಎಂಬುದರ ಲೆಕ್ಕ ಬರೆಯುವ ಒಬ್ಬ ಹುಡುಗಿ ಅಥವಾ ಹುಡುಗ, ಅವರ ಬೆನ್ನಿಗೆ ವಾರಕ್ಕೊಮ್ಮೆಯಾದರೂ ಬರುವ ಒಬ್ಬ ಅಧ್ಯಾಪಕರು, ಮತ್ತು ಆ ಸಂಬಳದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಹೊರುವ ಸರ್ಕಾರ. ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಅಂತಿಮ ವರ್ಷದ ಪ್ರಾಜೆಕ್ಟ್ ಒಂದೆರಡು ಸೆಮಿಸ್ಟರುಗಳಲ್ಲಿ ಮುಗಿದುಹೋಗುತ್ತದೆ. ಕಂಪನಿಯ ದತ್ತಾಂಶದ ಗೀಚುಗಳನ್ನು ಓದಲು ಕಲಿಯುವುದಕ್ಕೇ ಅಷ್ಟು ಕಾಲ ಬೇಕು. ಬೇಸಿಗೆಯಲ್ಲಿ ಯಾವ ನಂದಿನಿ ಬೂತಿಗೆ ಎಷ್ಟು ಮೊಸರು, ಮದುವೆಯ ಮುಹೂರ್ತಗಳಿರುವ ವಾರ ಎಷ್ಟು, ಆಷಾಢದಲ್ಲಿ ಎಷ್ಟು ಎಂಬ ಪ್ರಶ್ನೆ ನಾನು ಯಾರ್ಕ್‌ಷೈರಿನಲ್ಲಿ ಎದುರಿಸಿದ ಪ್ರಶ್ನೆಯ ಒಡಹುಟ್ಟು. ಜಿಲ್ಲಾ ಹಾಲು ಒಕ್ಕೂಟವೂ ಅದೇ ಜಿಲ್ಲೆಯ ವಿಶ್ವವಿದ್ಯಾಲಯವೂ ಕೂಡಿ ಒಬ್ಬ ಪದವೀಧರನಿಗೆ ಎರಡು ವರ್ಷದ ಸಂಬಳ ಕೊಟ್ಟರೆ ಅದರಿಂದ ಕಲಿಯುವವರು ಮೂರು ಕಡೆಯವರೂ ಎಂದು ನನಗೆ ದೃಢವಾಗಿ ಅನ್ನಿಸುತ್ತದೆ.

ಇನ್ನು ಅರ್ಜಿ ಹಾಕುವವರಿಗೆ ಕೆಲವು ಮಾತು. ಈ ಹುದ್ದೆಗಳು ವಿಶ್ವವಿದ್ಯಾಲಯಗಳ ಉದ್ಯೋಗ ಪುಟಗಳಲ್ಲಿಯೂ ಶೈಕ್ಷಣಿಕ ಉದ್ಯೋಗಗಳ ತಾಣಗಳಲ್ಲಿಯೂ ಬರುತ್ತವೆ. ಲಿಂಕ್ಡ್‌ಇನ್ನಿನಲ್ಲಿ ಡೇಟಾ ಸೈಂಟಿಸ್ಟ್ ಎಂದಷ್ಟೇ ಹುಡುಕಿದರೆ ಅನೇಕ ಬಾರಿ ಕಣ್ಣಿಗೆ ಬೀಳುವುದಿಲ್ಲ. ಸಾಮಾನ್ಯವಾಗಿ ಪದವಿ ಅಥವಾ ಸ್ನಾತಕೋತ್ತರ ಪದವಿ ಸಾಕು. ಕೆಲಸದ ಸಮಯದಲ್ಲಿ ಸುಮಾರು ಶೇ 10ರಷ್ಟು ಸ್ವಂತ ಬೆಳವಣಿಗೆಗೆ ಮೀಸಲು, ತರಬೇತಿಗೆ ಪ್ರತ್ಯೇಕ ಹಣವೂ ಇರುತ್ತದೆ. ಅದನ್ನು ಬಳಸಿಕೊಳ್ಳಿ, ಕೆಲಸದ ಒತ್ತಡದಲ್ಲಿ ಮುಂದೂಡುತ್ತ ಹೋಗಬೇಡಿ. ಸಂದರ್ಶನದಲ್ಲಿ ಕಂಪನಿಯವರೂ ಪ್ರಾಧ್ಯಾಪಕರೂ ಒಟ್ಟಿಗೆ ಕೂರುತ್ತಾರೆ. ಒಬ್ಬರು ವಿಧಾನದ ಆಳವನ್ನು ಕೇಳಿದರೆ ಇನ್ನೊಬ್ಬರು ಅದನ್ನೇ ಲಾರಿ ಚಾಲಕನಿಗೆ ಅರ್ಥವಾಗುವಂತೆ ಹೇಳಿ ಎನ್ನಬಹುದು, ಎರಡಕ್ಕೂ ಸಿದ್ಧರಾಗಿ ಹೋಗಿ. ನೀವು ಕೇಳಬೇಕಾದದ್ದೂ ಇದೆ: ದತ್ತಾಂಶ ಈಗ ಎಲ್ಲಿದೆ, ಎಷ್ಟು ವರ್ಷದ್ದಿದೆ, ಕಂಪನಿಯ ಕಡೆಯ ಮೇಲ್ವಿಚಾರಕರು ವಾರಕ್ಕೆ ಎಷ್ಟು ಹೊತ್ತು ಕೊಡಬಲ್ಲರು, ಯೋಜನೆ ಮುಗಿದ ಮೇಲೆ ಕಂಪನಿಯಲ್ಲಿ ಕೆಲಸದ ಸಾಧ್ಯತೆ ಇದೆಯೇ. ಕೊನೆಯದನ್ನು ಕೇಳಲು ಸಂಕೋಚ ಬೇಡ, ಎಷ್ಟೋ ಅಸೋಸಿಯೇಟ್‌ಗಳು ಅದೇ ಕಂಪನಿಯಲ್ಲಿ ಮುಂದುವರಿಯುತ್ತಾರೆ.

ವೀಸಾದ ವಿಷಯವನ್ನು ಬೇರೆಯಾಗಿಯೇ ಹೇಳುತ್ತೇನೆ, ಏಕೆಂದರೆ ನಮ್ಮವರಿಗೆ ಇದರಲ್ಲಿ ಒಂದು ಅನುಕೂಲ ಇದೆ. ಸ್ಕಿಲ್ಡ್ ವರ್ಕರ್ ವೀಸಾಕ್ಕೆ ಉದ್ಯೋಗದಾತರ ಬಳಿ ಪ್ರಾಯೋಜಕತ್ವದ (ಸ್ಪಾನ್ಸರ್‌ಶಿಪ್) ಪರವಾನಗಿ ಇರಬೇಕು. ಸಣ್ಣ ಕಂಪನಿಗಳ ಬಳಿ ಅದು ಬಹಳಷ್ಟು ಸಲ ಇರುವುದಿಲ್ಲ. ಕೆಟಿಪಿಯಲ್ಲಿ ಉದ್ಯೋಗದಾತರು ವಿಶ್ವವಿದ್ಯಾಲಯವೇ ಆಗಿರುವುದರಿಂದ ಪರವಾನಗಿಯ ತೊಡಕು ಎದುರಾಗುವುದಿಲ್ಲ. ಆದರೂ ಪ್ರತಿಯೊಂದು ಹುದ್ದೆಗೂ ಪ್ರಾಯೋಜಕತ್ವ ಸಿಗುತ್ತದೆ ಎಂದೇನಿಲ್ಲ, ಸಂಬಳ ಆ ಹೊತ್ತಿನ ವೀಸಾ ಮಿತಿಯನ್ನು ಮುಟ್ಟುತ್ತದೆಯೇ ಎಂಬುದನ್ನು ಮಾನವ ಸಂಪನ್ಮೂಲ ವಿಭಾಗಕ್ಕೆ ಬರೆದು ಖಚಿತ ಮಾಡಿಕೊಳ್ಳಿ. ಓದು ಮುಗಿಸಿದವರಿಗೆ ಸಿಗುವ ಗ್ರ್ಯಾಜುಯೇಟ್ ವೀಸಾದ ಅವಧಿ ಎರಡು ವರ್ಷ ಇದ್ದದ್ದು, 2027ರ ಜನವರಿ 1ರಿಂದ ಅರ್ಜಿ ಹಾಕುವ ಪದವಿ ಮತ್ತು ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಹದಿನೆಂಟು ತಿಂಗಳಿಗೆ ಇಳಿಯುತ್ತದೆ. ಎರಡು ವರ್ಷದ ಯೋಜನೆಯೊಂದು ಅದರೊಳಗೆ ಹಿಡಿಸುವುದಿಲ್ಲವಾದ್ದರಿಂದ, ಮಧ್ಯದಲ್ಲಿ ವೀಸಾ ಬದಲಾಯಿಸಲು ವಿಶ್ವವಿದ್ಯಾಲಯ ನೆರವಾಗುತ್ತದೆಯೇ ಎಂಬುದನ್ನು ನೇಮಕಾತಿ ಪತ್ರಕ್ಕೆ ಸಹಿ ಹಾಕುವ ಮೊದಲೇ ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆದುಕೊಳ್ಳಿ.